ಮೂಲಧನ ಮತ್ತು ಕಿಟಕಿ: ಸ್ಟ್ಯಾಂಡರ್ಡ್ ಲೈಬ್ರರಿ, ಡೆಸ್ಕ್‌ಟಾಪ್ ತಂತ್ರಾಂಶ ಮತ್ತು ನಮ್ಮ ಊರಿನ ಲೆಕ್ಕ



ಇದು ದತ್ತಿ ಉಪನ್ಯಾಸ, ಹಾಗಾಗಿ ದತ್ತಿ ಎಂಬ ಮಾತಿನಿಂದಲೇ ಶುರು ಮಾಡುತ್ತೇನೆ. ದತ್ತಿ ಇಟ್ಟವರು ಒಂದು ಮೊತ್ತವನ್ನು ಸಂಸ್ಥೆಗೆ ಒಪ್ಪಿಸುತ್ತಾರೆ. ಆ ಮೂಲಧನವನ್ನು ಯಾರೂ ಮುಟ್ಟುವುದಿಲ್ಲ. ಅದರ ಬಡ್ಡಿಯಲ್ಲಿ ವರ್ಷಕ್ಕೊಮ್ಮೆ ಹೀಗೆ ಸೇರುತ್ತೇವೆ, ಒಂದು ವಿಷಯ ಮಾತಾಡುತ್ತೇವೆ. ಇಟ್ಟವರು ಇಲ್ಲವಾದ ಮೇಲೂ ಅವರ ಹಣ ದುಡಿಯುತ್ತಲೇ ಇರುತ್ತದೆ. ಇಂದಿನ ನನ್ನ ವಿಷಯಕ್ಕೆ ಇದಕ್ಕಿಂತ ಹತ್ತಿರದ ಹೋಲಿಕೆ ನನಗೆ ಸಿಕ್ಕಿಲ್ಲ. ಜಾವಾ, ಪೈಥಾನ್, ಸಿ++ ಮುಂತಾದ ಭಾಷೆಗಳ ಜೊತೆಗೆ ಬರುವ ಸ್ಟ್ಯಾಂಡರ್ಡ್ ಲೈಬ್ರರಿಯೂ ಇಂಥದ್ದೇ ಒಂದು ದತ್ತಿ. ನಮಗಿಂತ ಮೊದಲಿನವರು ಬರೆದು, ಪರೀಕ್ಷಿಸಿ, ತಿದ್ದಿ ಇಟ್ಟುಹೋದ ಮೂಲಧನ ಅದು.

ಇಂದು ನಾಲ್ಕು ವಿಚಾರಗಳನ್ನು ನಿಮ್ಮ ಮುಂದಿಡುತ್ತೇನೆ. ಮೊದಲನೆಯದು, ಆಬ್ಜೆಕ್ಟ್ ಎಂಬ ಕಲ್ಪನೆ. ಎರಡನೆಯದು, ಸ್ಟ್ಯಾಂಡರ್ಡ್ ಲೈಬ್ರರಿಯನ್ನು ಏಕೆ ನಂಬಬೇಕು, ಎಲ್ಲಿಯವರೆಗೆ ನಂಬಬೇಕು ಎಂಬುದು. ಮೂರನೆಯದು, ಡೆಸ್ಕ್‌ಟಾಪ್ ಕಿಟಕಿಯನ್ನು ಕಟ್ಟುವ ಕ್ರಮ. ಕೊನೆಯದು, ಆ ಕಿಟಕಿಯಲ್ಲಿ ಕನ್ನಡ. ಉದಾಹರಣೆಗಳನ್ನು ಹೆಚ್ಚಾಗಿ ಜಾವಾದಿಂದ ಕೊಡುತ್ತೇನೆ. ನಿಮ್ಮ ಪ್ರಯೋಗಾಲಯದಲ್ಲಿ ದಿನವೂ ಬಳಕೆಯಲ್ಲಿರುವುದು ಅದೇ.

ಮೊದಲ ವಿಚಾರಕ್ಕೆ ಬರೋಣ. ಸುಗ್ಗಿಯ ಕಾಲದಲ್ಲಿ ರಾಯಚೂರಿನ ರಾಜೇಂದ್ರ ಗಂಜ್‌ಗೆ ಹೋಗಿ ನಿಂತರೆ ಏನು ಕಾಣುತ್ತದೆ? ಟ್ರ್ಯಾಕ್ಟರುಗಳ ಸಾಲು, ಭತ್ತದ ಚೀಲ, ಹತ್ತಿಯ ರಾಶಿ, ತೂಕದ ಕಾಟಾ, ಹಮಾಲರು, ಅಡತಿ ಅಂಗಡಿಯ ಗುಮಾಸ್ತರು. ಒಬ್ಬೊಬ್ಬರಿಗೂ ಒಂದೊಂದು ಕೆಲಸ. ಕಾಟಾದವನು ತೂಕ ಹೇಳುತ್ತಾನೆ, ಬೆಲೆಯ ಗೊಡವೆಗೆ ಹೋಗುವುದಿಲ್ಲ. ಗುಮಾಸ್ತ ಲೆಕ್ಕ ಬರೆಯುತ್ತಾನೆ, ಚೀಲ ಹೊರುವುದಿಲ್ಲ. ತನ್ನ ಮಾಹಿತಿ ತನ್ನ ಬಳಿ ಇಟ್ಟುಕೊಂಡು, ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡುವ ಈ ಏರ್ಪಾಡೇ ಆಬ್ಜೆಕ್ಟ್.

ಈ ಕಲ್ಪನೆ ಹುಟ್ಟಿದ್ದೂ ಇಂಥ ಸಾಲುಗಳನ್ನು ಅಭ್ಯಾಸ ಮಾಡುವಾಗಲೇ. ನಾರ್ವೆಯ ಆಸ್ಲೋದಲ್ಲಿದ್ದ ಓಲೆ ಯೋಹಾನ್ ಡಾಲ್ ಮತ್ತು ಕ್ರಿಸ್ಟನ್ ನೀಗಾರ್ಡ್, ಸರದಿಯಲ್ಲಿ ಕಾಯುವ, ಕೆಲಸ ಮುಗಿಸಿ ಹೊರಡುವ ವ್ಯವಸ್ಥೆಗಳನ್ನು ಕಂಪ್ಯೂಟರಿನಲ್ಲಿ ಅನುಕರಿಸಿ ನೋಡಲು ಸಿಮ್ಯುಲಾ ಎಂಬ ಭಾಷೆಯನ್ನು ರೂಪಿಸಿದರು. ಒಂದೇ ಬಗೆಯ ಆಬ್ಜೆಕ್ಟುಗಳಿಗೆ ಅಚ್ಚಾಗುವ ಕ್ಲಾಸ್ ಎಂಬ ಪರಿಕಲ್ಪನೆ ಅದರ 1967ರ ಆವೃತ್ತಿಯಲ್ಲಿ ಬಂತು. 1970ರ ದಶಕದಲ್ಲಿ ಅಮೆರಿಕದ ಜೆರಾಕ್ಸ್ ಪಾರ್ಕ್ ಸಂಶೋಧನಾಲಯದಲ್ಲಿ ಆಲನ್ ಕೇ ಮತ್ತು ಸಂಗಡಿಗರು ಸ್ಮಾಲ್‌ಟಾಕ್ ಭಾಷೆಯನ್ನು ಕಟ್ಟಿದರು. ಪರದೆಯ ಮೇಲೆ ಕಿಟಕಿ, ಮೆನು, ಮೌಸ್ ಎಂಬ ಇಂದಿನ ಲೋಕ ರೂಪುಗೊಂಡದ್ದು ಅಲ್ಲಿಯೇ. ಆಬ್ಜೆಕ್ಟ್ ಮತ್ತು ಕಿಟಕಿ ಒಂದೇ ಮನೆಯಲ್ಲಿ ಬೆಳೆದ ಮಕ್ಕಳು. ಹಾಗಾಗಿ ಇವೆರಡನ್ನೂ ಒಟ್ಟಿಗೆ ಕಲಿಸುವುದು ಸರಿಯಾದ ಕ್ರಮ ಎಂದು ನನ್ನ ನಂಬಿಕೆ.

ಇನ್ನು ಇನ್‌ಹೆರಿಟೆನ್ಸ್. ಮೂಲ ಕ್ಲಾಸಿನ ಗುಣಗಳನ್ನು ಪಡೆದು ಹೊಸತನ್ನು ಸೇರಿಸುವುದು ಎಂದು ಪುಸ್ತಕದಲ್ಲಿ ಓದಿರುತ್ತೀರಿ. ನಮ್ಮ ರಾಯಚೂರು ಜಿಲ್ಲೆಯಲ್ಲಿ ಹುಟ್ಟಿದವರಿಗೆ ಇದನ್ನು ಬೇರೆ ದಾರಿಯಲ್ಲಿ ಹೇಳಬಹುದು. ಪುರಂದರದಾಸರ ಅಂಕಿತ ಪುರಂದರ ವಿಠಲ. ಮಾನ್ವಿ ಸೀಮೆಯ ಚೀಕಲಪರ್ವಿಯ ವಿಜಯದಾಸರು ಪುರಂದರದಾಸರನ್ನೇ ಗುರುವಾಗಿ ಭಾವಿಸಿದವರು. ಅವರ ಅಂಕಿತ ವಿಜಯ ವಿಠಲ. ಅವರ ಶಿಷ್ಯರು ದೇವದುರ್ಗ ಸೀಮೆಯ ಮೊಸರಕಲ್ಲಿನ ಗೋಪಾಲದಾಸರು, ಗೋಪಾಲ ವಿಠಲ. ಅವರಿಂದ ದೀಕ್ಷೆ ಪಡೆದು ಮಾನ್ವಿಯಲ್ಲಿ ನೆಲೆಸಿದವರು ಹರಿಕಥಾಮೃತಸಾರದ ಕರ್ತೃ ಜಗನ್ನಾಥದಾಸರು, ಜಗನ್ನಾಥ ವಿಠಲ. ವಿಠಲ ಎಂಬುದು ಎಲ್ಲರಿಗೂ ಪರಂಪರೆಯಿಂದ ಬಂದದ್ದು. ಅದರ ಮುಂದಿನ ಹೆಸರು ಅವರವರದು. ಬಂದದ್ದನ್ನು ಅವರು ಅಳಿಸಲಿಲ್ಲ, ಹಾಗೆಂದು ಬಂದಷ್ಟಕ್ಕೇ ನಿಲ್ಲಲೂ ಇಲ್ಲ.

ಈಗ ಜಾವಾದ ಒಂದು ಕಿಟಕಿಯ ವಂಶಾವಳಿ ನೋಡಿ. ಜೆಫ್ರೇಮ್ ಎಂಬ ಕ್ಲಾಸ್ ಫ್ರೇಮ್‌ನಿಂದ ಬಂದದ್ದು. ಫ್ರೇಮ್ ವಿಂಡೋದಿಂದ, ವಿಂಡೋ ಕಂಟೇನರ್‌ನಿಂದ, ಕಂಟೇನರ್ ಕಾಂಪೊನೆಂಟ್‌ನಿಂದ, ಕಾಂಪೊನೆಂಟ್ ಕೊನೆಗೆ ಆಬ್ಜೆಕ್ಟ್‌ನಿಂದ. ನೀವು ಜೆಫ್ರೇಮ್ ಮೇಲೆ ನಿಮ್ಮದೊಂದು ಕ್ಲಾಸ್ ಬರೆದು "ತೂಕದಚೀಟಿ" ಎಂದು ಹೆಸರಿಟ್ಟರೆ ಆ ಪರಂಪರೆಗೆ ನಿಮ್ಮ ಅಂಕಿತ ಸೇರಿದಂತೆ. ಹೆಸರನ್ನು ಕನ್ನಡದಲ್ಲೇ ಇಡಬಹುದು, ಜಾವಾ ಅದನ್ನು ಒಪ್ಪುತ್ತದೆ.

ಇಲ್ಲಿಂದ ಎರಡನೆಯ ವಿಚಾರಕ್ಕೆ, ಸ್ಟ್ಯಾಂಡರ್ಡ್ ಲೈಬ್ರರಿಗೆ ಬರುತ್ತೇನೆ.

ಹಲವು ವರ್ಷಗಳ ಹಿಂದೆ ಮಾನ್ವಿಯ ಒಂದು ಅಡತಿ ಅಂಗಡಿಗೆ ನಾನು ಲೆಕ್ಕದ ತಂತ್ರಾಂಶ ಬರೆದುಕೊಟ್ಟಿದ್ದೆ. ಕೆಲಸ ಸರಳವಾಗಿಯೇ ಇತ್ತು. ನಮ್ಮಲ್ಲಿ ಭತ್ತದ ವ್ಯವಹಾರ 75 ಕೆ.ಜಿ. ಚೀಲದ ಲೆಕ್ಕದಲ್ಲಿ ನಡೆಯುತ್ತದೆ. ಚೀಲ ಎಷ್ಟು, ದರ ಎಷ್ಟು, ಹಮಾಲಿ ಎಷ್ಟು, ಕಡಿತ ಎಷ್ಟು, ರೈತನ ಕೈಗೆ ಸೇರುವುದು ಎಷ್ಟು ಎಂದು ಹೇಳಿ ತಕ್‌ಪಟ್ಟಿ ಮುದ್ರಿಸಿದರೆ ಆಯಿತು. ಹಣದ ಮೊತ್ತಕ್ಕೆ ನಾನು ಡಬಲ್ ಎಂಬ ಸಂಖ್ಯಾ ಪ್ರಕಾರವನ್ನು ಬಳಸಿದೆ. ಮೊದಲ ವಾರ ಎಲ್ಲ ಸುಸೂತ್ರ. ಎರಡನೆಯ ವಾರ ಅಲ್ಲಿಯ ಹಿರಿಯ ಗುಮಾಸ್ತರು ಕಿರ್ದಿ ಪುಸ್ತಕ ಬಿಚ್ಚಿ ನನ್ನ ಮುಂದಿಟ್ಟು ಹೇಳಿದರು: "ಸರ, ನಿಮ್ಮ ಮಷಿನ್ನಿಂದೂ ನಮ್ಮ ಕಿರ್ದಿದೂ ಒಂದು ಪೈಸೆ ತಾಳಿ ಆಗವಲ್ದು ನೋಡ್ರಿ."

ಒಂದು ಪೈಸೆ. ಅದನ್ನು ಬಿಟ್ಟುಬಿಡಿ ಎನ್ನುವ ಧೈರ್ಯ ನನಗಾಗಲಿಲ್ಲ. ಅಂಗಡಿಯ ನಂಬಿಕೆ ನಿಂತಿರುವುದೇ ಆ ಪೈಸೆಯ ಮೇಲೆ. ತಪ್ಪು ಎಲ್ಲಿತ್ತು? ನಾವು ಹತ್ತರ ಎಣಿಕೆಯಲ್ಲಿ ಬರೆಯುವ 0.1 ಎಂಬ ಸಂಖ್ಯೆಯನ್ನು ಕಂಪ್ಯೂಟರ್ ಎರಡರ ಎಣಿಕೆಯಲ್ಲಿ ಪೂರ್ತಿಯಾಗಿ ಬರೆಯಲಾರದು. ಒಂದನ್ನು ಮೂರರಿಂದ ಭಾಗಿಸಿದರೆ 0.333 ಎಂದು ಮುಗಿಯದೆ ಸಾಗುವಂತೆ, ಅದಕ್ಕೆ 0.1 ಮುಗಿಯದ ಸಂಖ್ಯೆ. ಜಾವಾದಲ್ಲಿ 0.1 ಮತ್ತು 0.2ನ್ನು ಡಬಲ್ ಆಗಿ ಕೂಡಿಸಿ ನೋಡಿ, 0.30000000000000004 ಎಂದು ಬರುತ್ತದೆ. 0.1ನ್ನು ಸೊನ್ನೆಗೆ ಹತ್ತು ಸಲ ಕೂಡಿಸಿದರೆ 1 ಬರುವುದಿಲ್ಲ, 0.9999999999999999 ಬರುತ್ತದೆ. ಒಂದು ಚೀಟಿಯಲ್ಲಿ ಇದು ಕಾಣುವುದಿಲ್ಲ. ನೂರಾರು ಚೀಟಿ ಸೇರಿದಾಗ, ಪೂರ್ಣಾಂಕಕ್ಕೆ ತಿರುಗಿಸುವ ಗಡಿಯಲ್ಲಿ, ಪೈಸೆಯಾಗಿ ತಲೆ ಎತ್ತುತ್ತದೆ.

ಪರಿಹಾರ ಲೈಬ್ರರಿಯಲ್ಲಿ ಆಗಲೇ ಇತ್ತು. ಬಿಗ್‌ಡೆಸಿಮಲ್ ಎಂಬ ಕ್ಲಾಸ್ ಹತ್ತರ ಎಣಿಕೆಯಲ್ಲೇ ಲೆಕ್ಕ ಮಾಡುತ್ತದೆ. ಅರ್ಧ ಪೈಸೆ ಬಂದರೆ ಮೇಲಕ್ಕೆ ಹಾಕಬೇಕೋ ಕೆಳಕ್ಕೆ ಬಿಡಬೇಕೋ ಎಂಬುದನ್ನೂ ನಾವೇ ಸ್ಪಷ್ಟವಾಗಿ ಹೇಳಬಹುದು. ಒಂದು ಎಚ್ಚರಿಕೆ ಮಾತ್ರ ಬೇಕು: ಅದಕ್ಕೆ ಮೌಲ್ಯವನ್ನು ಅಕ್ಷರಗಳ ಸಾಲಾಗಿ, ಅಂದರೆ ಸ್ಟ್ರಿಂಗ್ ಆಗಿ ಕೊಡಬೇಕು. ಡಬಲ್ ಆಗಿ ಕೊಟ್ಟರೆ ಆ ದೋಷವೂ ಜೊತೆಗೇ ಒಳಗೆ ಹೋಗುತ್ತದೆ. ಆ ಗುಮಾಸ್ತರ ಕಿರ್ದಿಯಿಂದ ನಾನು ಕಲಿತದ್ದು ಇಷ್ಟು. ನಾವು ಎದುರಿಸುವ ಹೆಚ್ಚಿನ ಕಷ್ಟಗಳನ್ನು ಬೇರೊಬ್ಬರು ಮೊದಲೇ ಎದುರಿಸಿ, ಉತ್ತರವನ್ನು ಲೈಬ್ರರಿಯಲ್ಲಿ ಇಟ್ಟಿರುತ್ತಾರೆ. ಹೊಸ ಕೋಡ್ ಬರೆಯುವ ಮೊದಲು ಲೈಬ್ರರಿಯ ಕೈಪಿಡಿಯನ್ನು ಓದುವ ತಾಳ್ಮೆ ಇರಬೇಕು.

ಲೈಬ್ರರಿಯಲ್ಲಿ ಇನ್ನೂ ಇವೆ: ಪಟ್ಟಿಗೆ ಅರೇಲಿಸ್ಟ್, ಹೆಸರು ಕೊಟ್ಟು ಖಾತೆ ಹುಡುಕಲು ಹ್ಯಾಶ್‌ಮ್ಯಾಪ್, ಕ್ರಮವಾಗಿ ಇಡಲು ಟ್ರೀಮ್ಯಾಪ್. ಈ ಸಂಗ್ರಹ ಕ್ಲಾಸುಗಳ ಚೌಕಟ್ಟು 1998ರ ಜಾವಾ 1.2ರಲ್ಲಿ ಬಂತು. ಅಂದಿನಿಂದ ಅಸಂಖ್ಯ ಜನ ಇದನ್ನು ಬಳಸಿದ್ದಾರೆ. ನಾನು ನೀವು ಒಂದು ರಾತ್ರಿ ಕೂತು ಬರೆಯುವ ವಿಂಗಡಣೆಯ ಕೋಡ್ ಅಷ್ಟು ಜನರ ಕೈಯಲ್ಲಿ ಪರೀಕ್ಷೆಗೆ ಒಳಗಾಗಿರುವುದಿಲ್ಲ. ಪ್ರಯೋಗಾಲಯದಲ್ಲಿ ವಿಂಗಡಣೆಯನ್ನು ಕೈಯಾರೆ ಬರೆಯಿರಿ, ಅದು ಕಲಿಕೆ. ಅಂಗಡಿಗೆ ಕೊಡುವಾಗ ಲೈಬ್ರರಿಯದನ್ನೇ ಕೊಡಿ, ಅದು ಹೊಣೆಗಾರಿಕೆ.

ಹಾಗಾದರೆ ಲೈಬ್ರರಿಯಲ್ಲಿ ಎಲ್ಲವೂ ಇದೆಯೇ? ಇಲ್ಲ. ಜಾವಾದ ಡೆಸಿಮಲ್‌ಫಾರ್ಮ್ಯಾಟ್ ಎಂಬ ಕ್ಲಾಸ್ ಅಂಕಿಗಳ ನಡುವೆ ಅಲ್ಪವಿರಾಮ ಹಾಕುತ್ತದೆ, ಆದರೆ ಎಲ್ಲೆಡೆಯೂ ಒಂದೇ ಅಳತೆಯ ಗುಂಪು. 1234567 ಎಂಬುದನ್ನು 1,234,567 ಎಂದು ಬರೆಯುತ್ತದೆ. ನಮ್ಮ ಅಂಗಡಿಯಲ್ಲಿ ಅದು 12,34,567 ಆಗಬೇಕು: ಹನ್ನೆರಡು ಲಕ್ಷದ ಮೂವತ್ತನಾಲ್ಕು ಸಾವಿರದ ಐನೂರ ಅರವತ್ತೇಳು. ಇದನ್ನು ಸರಿಯಾಗಿ ಮಾಡುವ ಐಸಿಯು ಎಂಬ ಮುಕ್ತ ಲೈಬ್ರರಿ ಇದೆ. ಬೇಡವಾದರೆ ನಾವೇ ಹತ್ತು ಸಾಲಿನ ಒಂದು ಕ್ಲಾಸ್ ಬರೆದುಕೊಳ್ಳಬಹುದು. ಮೂಲಧನ ಎಷ್ಟೇ ದೊಡ್ಡದಿದ್ದರೂ ನಮ್ಮ ಮನೆಯ ಖರ್ಚಿನ ಲೆಕ್ಕ ನಾವೇ ಬರೆಯಬೇಕಲ್ಲವೇ?

ಇನ್ನು ಮೂರನೆಯ ವಿಚಾರ, ಕಿಟಕಿ, ಅಂದರೆ ಬಳಕೆದಾರರ ಇಂಟರ್‌ಫೇಸ್. ಕೃಷ್ಣೆ ಮತ್ತು ತುಂಗಭದ್ರೆಯ ನಡುವಿನ ನಮ್ಮ ನೆಲಕ್ಕೆ ಹಿಂದೆ ಎಡೆದೊರೆ ನಾಡು ಎಂದು ಹೆಸರಿತ್ತು. ಎರಡು ಹೊಳೆಗಳ ನಡುವಿನ ನೆಲ. ಇಂಟರ್‌ಫೇಸ್ ಎಂಬ ಮಾತಿಗೆ ಒಳ್ಳೆಯ ಕನ್ನಡ ಪದ ಹುಡುಕುವಾಗಲೆಲ್ಲ ನನಗೆ ಈ ಹೆಸರು ನೆನಪಾಗುತ್ತದೆ. ಒಂದು ಕಡೆ ಮನುಷ್ಯ, ಇನ್ನೊಂದು ಕಡೆ ಯಂತ್ರ, ನಡುವೆ ಇಬ್ಬರಿಗೂ ಫಲ ಕೊಡಬೇಕಾದ ನೆಲ.

ಜಾವಾ ತನ್ನ ಮೊದಲ ಆವೃತ್ತಿಯಲ್ಲೇ ಕಿಟಕಿ ಕಟ್ಟುವ ಸಾಧನಗಳನ್ನು ಕೊಟ್ಟಿತ್ತು, ಅದು ಎಡಬ್ಲ್ಯುಟಿ. ಅದರ ಮೇಲೆ ಬೆಳೆದು, 1998ರಲ್ಲಿ ಜಾವಾ 1.2ರ ಒಳಗೇ ಸೇರಿದ್ದು ಸ್ವಿಂಗ್. ಆಮೇಲೆ ಜಾವಾಎಫ್‌ಎಕ್ಸ್ ಬಂತು. ಸಿ++ ಬಳಸುವವರಿಗೆ ನಾರ್ವೆಯಲ್ಲಿ ಹುಟ್ಟಿದ ಕ್ಯೂಟಿ ಇದೆ, ಪೈಥಾನ್ ಬಳಸುವವರಿಗೆ ಟಿಕೆಇಂಟರ್ ಇದೆ. ಹೆಸರು ಯಾವುದೇ ಇರಲಿ, ಮೂರು ಪಾಠಗಳು ಎಲ್ಲಕ್ಕೂ ಒಂದೇ.

ಮೊದಲ ಪಾಠ: ಲೆಕ್ಕ ಬೇರೆ, ಲೆಕ್ಕ ತೋರಿಸುವುದು ಬೇರೆ. 1979ರಲ್ಲಿ ಜೆರಾಕ್ಸ್ ಪಾರ್ಕ್‌ನಲ್ಲಿ ಟ್ರಿಗ್ವೆ ರೀನ್ಸ್‌ಕಾಗ್ ಎಂಬ ನಾರ್ವೆಯ ವಿಜ್ಞಾನಿ ಇದಕ್ಕೆ ಮಾಡೆಲ್, ವ್ಯೂ, ಕಂಟ್ರೋಲರ್ ಎಂಬ ವಿನ್ಯಾಸ ಕೊಟ್ಟರು. ಅಂಗಡಿಯ ಭಾಷೆಯಲ್ಲಿ ಹೇಳುವುದಾದರೆ ಖಾತೆ ಪುಸ್ತಕ ಒಂದೇ. ಅದರಿಂದ ರೈತನಿಗೆ ತಕ್‌ಪಟ್ಟಿ ಬರೆಯಬಹುದು, ಮಾಲೀಕರಿಗೆ ದಿನದ ಮೊತ್ತ ತೋರಿಸಬಹುದು, ಗೋಡೆಯ ಹಲಗೆಯ ಮೇಲೆ ದರ ಹಾಕಬಹುದು. ಹಮಾಲಿಯ ದರ ಬದಲಾದಾಗ ಮೂರು ಕಡೆ ತಿದ್ದಬೇಕಾಗಿ ಬಂದರೆ ಆ ತಂತ್ರಾಂಶವನ್ನು ಸರಿಯಾಗಿ ಕಟ್ಟಿಲ್ಲವೆಂದೇ ಅರ್ಥ.

ಎರಡನೆಯ ಪಾಠ: ಗುಂಡಿಯನ್ನು ಇಂಥ ಜಾಗದಲ್ಲೇ ಎಂದು ಚುಕ್ಕಿಗಳ ಲೆಕ್ಕದಲ್ಲಿ ಮೊಳೆ ಹೊಡೆಯಬೇಡಿ. ಲೇಔಟ್ ಮ್ಯಾನೇಜರ್ ಎಂಬ ಕ್ಲಾಸುಗಳು ಲೈಬ್ರರಿಯಲ್ಲಿವೆ, ಜಾಗ ಹಂಚುವ ಕೆಲಸ ಅವುಗಳದು. ಕನ್ನಡಕ್ಕೆ ಇದು ಇನ್ನೂ ಮುಖ್ಯ, ಏಕೆಂದರೆ ನಮ್ಮ ಒತ್ತಕ್ಷರ ಸಾಲಿನ ಕೆಳಗೆ ಇಳಿಯುತ್ತದೆ. ಇಂಗ್ಲಿಷ್ ಅಕ್ಷರದ ಎತ್ತರಕ್ಕೆ ಅಳೆದು ಕೂರಿಸಿದ ಪೆಟ್ಟಿಗೆಯಲ್ಲಿ "ಮಾನ್ವಿ" ಎಂದು ಬರೆದರೆ ಕೆಳಗಿನ ವಕಾರದ ಒತ್ತು ಕತ್ತರಿಸಿಹೋಗಿ ಓದುವವರಿಗೆ "ಮಾನಿ" ಎಂದು ಕಾಣುತ್ತದೆ. ಊರಿನ ಹೆಸರೇ ಬದಲಾಗುತ್ತದೆ!

ಮೂರನೆಯ ಪಾಠವನ್ನು ಮತ್ತೆ ಅದೇ ಅಂಗಡಿಯಲ್ಲಿ ಕಲಿತೆ. ಮುದ್ರಿಸು ಎಂಬ ಗುಂಡಿ ಒತ್ತಿದರೆ ಚೀಟಿ ಅಚ್ಚಾಗಬೇಕು. ಸುಗ್ಗಿಯ ಒಂದು ಸಂಜೆ ಹೊರಗೆ ಟ್ರ್ಯಾಕ್ಟರುಗಳು ನಿಂತಿದ್ದವು, ಪ್ರಿಂಟರ್ ತಡ ಮಾಡುತ್ತಿತ್ತು. ಕಿಟಕಿ ಪೂರ್ತಿ ಬಿಳಿಚಿಕೊಂಡಿತು, ಏನು ಒತ್ತಿದರೂ ಉತ್ತರವಿಲ್ಲ. ಅಲ್ಲಿದ್ದ ಹುಡುಗ ಗಾಬರಿಯಾಗಿ ಮತ್ತೆ ಮತ್ತೆ ಒತ್ತಿದ. ಪ್ರಿಂಟರ್ ಎಚ್ಚರಗೊಂಡಾಗ ಒಬ್ಬನೇ ರೈತನ ಹೆಸರಿಗೆ ಮೂರು ಚೀಟಿ ಹೊರಬಂದವು.

ಆದದ್ದೇನೆಂದರೆ, ಸ್ವಿಂಗ್‌ನಲ್ಲಿ ಕಿಟಕಿ ಬಿಡಿಸುವುದಕ್ಕೂ ಗುಂಡಿ ಒತ್ತಿದ್ದಕ್ಕೆ ಸ್ಪಂದಿಸುವುದಕ್ಕೂ ಇರುವುದು ಒಂದೇ ಎಳೆ, ಒಂದೇ ಥ್ರೆಡ್. ಕಾಟಾದ ಮುಂದೆ ಒಬ್ಬನೇ ತೂಕಗಾರ ಇದ್ದಂತೆ. ಅವನನ್ನು ಪ್ರಿಂಟರಿನ ಮುಂದೆ ಕಾಯಲು ನಿಲ್ಲಿಸಿದರೆ ಇಡೀ ಸಾಲು ನಿಲ್ಲುತ್ತದೆ. ಆ ಹುಡುಗ ಒತ್ತಿದ್ದೆಲ್ಲವೂ ಸರದಿಯಲ್ಲಿ ಕಾದು, ಆಮೇಲೆ ಒಂದೊಂದಾಗಿ ನಡೆದವು. ಇದಕ್ಕೂ ಲೈಬ್ರರಿಯಲ್ಲಿ ಉತ್ತರವಿದೆ. 2006ರ ಜಾವಾ 6ರಿಂದ ಸ್ವಿಂಗ್‌ವರ್ಕರ್ ಎಂಬ ಕ್ಲಾಸ್ ಜೊತೆಗೇ ಬರುತ್ತದೆ. ತಡವಾಗುವ ಕೆಲಸವನ್ನು ಅದು ಹಿಂದಿನ ಕೋಣೆಯಲ್ಲಿ ಮಾಡಿ, ಮುಗಿದ ಮೇಲೆ ಫಲಿತಾಂಶವನ್ನು ಮುಂದಿನ ಎಳೆಗೆ ಒಪ್ಪಿಸುತ್ತದೆ. ಅಷ್ಟರವರೆಗೆ ಗುಂಡಿಯನ್ನು ನಿಷ್ಕ್ರಿಯಗೊಳಿಸಿ, "ಮುದ್ರಣ ನಡೆದಿದೆ" ಎಂದು ಒಂದು ಸಾಲು ತೋರಿಸಬೇಕು. ಮನುಷ್ಯನನ್ನು ಉತ್ತರವಿಲ್ಲದೆ ಕಾಯಿಸುವುದು ಅಗೌರವ. ಕಾಯಬೇಕಾಗಿ ಬಂದಾಗ ಕಾರಣ ಹೇಳುವುದು ಸೌಜನ್ಯ. ಕಿಟಕಿಯ ವಿನ್ಯಾಸವೆಂದರೆ ಬಣ್ಣದ ಆಯ್ಕೆಗಿಂತ ಮೊದಲು ಈ ಸೌಜನ್ಯ.

ಈಗ ಕೊನೆಯ ವಿಚಾರ, ನನ್ನ ಮನಸ್ಸಿಗೆ ಅತ್ಯಂತ ಹತ್ತಿರವಾದದ್ದು: ಕಿಟಕಿಯಲ್ಲಿ ಕನ್ನಡ.

ಡೆಸ್ಕ್‌ಟಾಪ್ ತಂತ್ರಾಂಶದ ಚರಿತ್ರೆಯಲ್ಲಿ ಕನ್ನಡಿಗರ ಪಾಲು ಚಿಕ್ಕದಲ್ಲ. ಕೆ.ಪಿ. ರಾವ್ ಅವರು ಕನ್ನಡದ ಧ್ವನಿಗಳ ಕ್ರಮಕ್ಕೆ ಹೊಂದುವ ಕೀಲಿಮಣೆ ವಿನ್ಯಾಸ ಕೊಟ್ಟರು. ಶೇಷಾದ್ರಿವಾಸು ಅವರ "ಬರಹ" ತಂತ್ರಾಂಶ 1998ರಲ್ಲಿ ಹೊರಬಂತು. ಕನ್ನಡ ಗಣಕ ಪರಿಷತ್ತಿನ "ನುಡಿ" ತಂತ್ರಾಂಶ ಸರ್ಕಾರಿ ಕಚೇರಿಗಳ ಮೇಜಿನ ಮೇಲೆ ಕೂತಿತು. ರಾಯಚೂರಿನ ಡಿ.ಟಿ.ಪಿ. ಅಂಗಡಿಗಳಲ್ಲಿ ಲಗ್ನಪತ್ರಿಕೆ, ಕರಪತ್ರ, ಅರ್ಜಿಗಳೆಲ್ಲ ಇವುಗಳಿಂದಲೇ ಕನ್ನಡದಲ್ಲಿ ಹೊರಬಂದವು. ಆ ದಿನಗಳಲ್ಲಿ ಕನ್ನಡ ಅಕ್ಷರದ ಚಿತ್ರಗಳನ್ನು ಇಂಗ್ಲಿಷ್ ಅಕ್ಷರಗಳ ಸಂಕೇತದ ಜಾಗದಲ್ಲಿ ಕೂರಿಸುತ್ತಿದ್ದರು. ಅಂದಿಗೆ ಅದೇ ದಾರಿ. ಆದರೆ ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅದೇ ಕಡತ ಅರ್ಥವಿಲ್ಲದ ಚಿಹ್ನೆಗಳಾಗುತ್ತಿತ್ತು. ಹುಡುಕಲು ಆಗದು, ಅಕಾರಾದಿಯಲ್ಲಿ ಜೋಡಿಸಲು ಆಗದು, ಏಕೆಂದರೆ ಯಾವ ಲೈಬ್ರರಿಗೂ ಅದು ಕನ್ನಡವೆಂದು ಗೊತ್ತಾಗುತ್ತಿರಲಿಲ್ಲ.

ಪ್ರತಿ ಲಿಪಿಗೂ ಅದರದೇ ಸಂಕೇತಗಳನ್ನು ಕೊಡುವ ಯೂನಿಕೋಡ್ ಈ ಕಷ್ಟ ಕಳೆಯಿತು. ಅದರಲ್ಲಿ ಕನ್ನಡಕ್ಕೆಂದೇ 128 ಮನೆಗಳ ಒಂದು ಓಣಿ ಇದೆ. ಜಾವಾ ಹುಟ್ಟಿನಿಂದಲೇ ಯೂನಿಕೋಡ್ ಬಲ್ಲದು. ವಿಂಡೋಸ್ ಎಕ್ಸ್‌ಪಿ ಜೊತೆಗೆ ಬಂದ ಕನ್ನಡ ಫಾಂಟಿನ ಹೆಸರು ತುಂಗಾ. ನಮ್ಮ ಹೊಳೆಯ ಹೆಸರು ಪರದೆಯ ಮೇಲೆ ಕಂಡ ದಿನ ಆದ ಸಂತೋಷ ನನಗೆ ಇಂದಿಗೂ ನೆನಪಿದೆ.

ಆದರೆ ಕೆಲಸ ಅಲ್ಲಿಗೆ ಮುಗಿಯಲಿಲ್ಲ. ನಮ್ಮ ಮೂರು ಊರುಗಳ ಹೆಸರನ್ನೇ ತೆಗೆದುಕೊಳ್ಳೋಣ. "ಮಾನ್ವಿ" ಎಂಬುದು ನಮ್ಮ ಕಣ್ಣಿಗೆ ಎರಡು ಅಕ್ಷರ: ಮಾ, ನ್ವಿ. ಜಾವಾದಲ್ಲಿ ಅದರ ಉದ್ದ ಕೇಳಿದರೆ 6 ಎನ್ನುತ್ತದೆ, ಏಕೆಂದರೆ ಮಕಾರ, ಇಳಿ, ನಕಾರ, ಸ್ವರವಿಲ್ಲವೆಂದು ಹೇಳುವ ವಿರಾಮ ಚಿಹ್ನೆ, ವಕಾರ, ಗುಡಿಸು ಎಲ್ಲವೂ ಅದಕ್ಕೆ ಬೇರೆ ಬೇರೆ ಸಂಕೇತ. "ರಾಯಚೂರು" ನಮಗೆ ನಾಲ್ಕು, ಅದಕ್ಕೆ 7. "ದೇವದುರ್ಗ" ನಮಗೆ ನಾಲ್ಕು, ಅದಕ್ಕೆ 8. ಕೆಲವೊಮ್ಮೆ 9 ಕೂಡ ಆಗಬಹುದು. ದೇ ಅಕ್ಷರದ ಏತ್ವವನ್ನು ಒಂದೇ ಸಂಕೇತವಾಗಿಯೂ ಇಡಬಹುದು, ಎತ್ವ ಮತ್ತು ದೀರ್ಘ ಎಂದು ಎರಡು ಸಂಕೇತವಾಗಿಯೂ ಇಡಬಹುದು. ಪರದೆಯ ಮೇಲೆ ಎರಡೂ ಒಂದೇ ರೀತಿ ಕಾಣುತ್ತವೆ. ಆದರೆ ಇವೆರಡೂ ಒಂದೇ ಊರೇ ಎಂದು ಕೇಳಿದರೆ ಕಂಪ್ಯೂಟರ್ ಅಲ್ಲ ಎನ್ನುತ್ತದೆ. ಒಂದೇ ದೇವದುರ್ಗದ ರೈತರು ಎರಡು ಪಟ್ಟಿಗಳಲ್ಲಿ ಹಂಚಿಹೋಗುತ್ತಾರೆ. ಲೈಬ್ರರಿಯ ನಾರ್ಮಲೈಸರ್ ಎಂಬ ಕ್ಲಾಸಿನಿಂದ ಒಂದು ಸಾಲಿನಲ್ಲಿ ಇದನ್ನು ಸರಿಮಾಡಬಹುದು. ಬಳಸಬೇಕೆಂಬುದು ನಮಗೆ ಗೊತ್ತಿರಬೇಕು, ಅಷ್ಟೆ.

ಇನ್ನು ಅಕ್ಷರ ಎಣಿಸುವುದು. ಪದವನ್ನು ಓದುಗರ ಕಣ್ಣಿನ ಅಕ್ಷರಗಳಾಗಿ ಬಿಡಿಸುವ ಸಾಧನಗಳೂ ಲೈಬ್ರರಿಗಳಲ್ಲಿವೆ. ಅವು ಸಾಮಾನ್ಯವಾಗಿ ಸ್ವರಚಿಹ್ನೆಯನ್ನು ವ್ಯಂಜನದ ಜೊತೆ ಸೇರಿಸುತ್ತವೆ, ಆದರೆ ಒತ್ತಕ್ಷರದ ನಡುವೆ ಕತ್ತರಿ ಹಾಕುತ್ತವೆ. ಮಾನ್ವಿಯನ್ನು ಮಾ, ನ್, ವಿ ಎಂದು ಮೂರು ತುಂಡು ಮಾಡುತ್ತವೆ. ಅಲ್ಲಿ ನಮ್ಮ ಅಂಕಿತ ಬೇಕಾಗುತ್ತದೆ. ಲೈಬ್ರರಿ ಕೊಟ್ಟ ತುಂಡುಗಳನ್ನು ಹಾಗೆಯೇ ತೆಗೆದುಕೊಂಡು, ತುಂಡು ವಿರಾಮ ಚಿಹ್ನೆಯಲ್ಲಿ ಮುಗಿದಿದ್ದರೆ ಮುಂದಿನದರ ಜೊತೆ ಜೋಡಿಸುವ ಒಂದು ಪುಟ್ಟ ಕ್ಲಾಸ್ ಬರೆಯಿರಿ. ಇಂಟರ್‌ಫೇಸ್ ಎಂಬಂಥ ಪದಗಳಲ್ಲಿ ಬೇಕೆಂದೇ ಬಿಡಿಸಿ ಬರೆಯುವ ಗುರುತು ಇದ್ದರೆ ಅಲ್ಲಿ ಜೋಡಿಸಬೇಡಿ. ಇಷ್ಟು ಮಾಡಿದರೆ ಮಾನ್ವಿ ಎರಡು ಅಕ್ಷರವಾಗುತ್ತದೆ. ಮಕ್ಕಳ ಪದಬಂಧ, ಛಂದಸ್ಸಿನ ಅಕ್ಷರ ಗಣನೆ, ಹೆಸರಿನ ಪಟ್ಟಿ, ಎಲ್ಲಕ್ಕೂ ಇದು ಬೇಕು.

ನಮ್ಮ ಪ್ರದೇಶಕ್ಕೆ ಡೆಸ್ಕ್‌ಟಾಪ್ ಇನ್ನೂ ಏಕೆ ಎಂದು ಕೆಲವರು ಕೇಳುತ್ತಾರೆ. ಮಾನ್ವಿ ಅಥವಾ ದೇವದುರ್ಗದ ಒಂದು ಅಂಗಡಿಯಲ್ಲಿ ಒಂದು ದಿನ ಕೂತು ನೋಡಿ. ನೆಟ್ ಹೋಗುತ್ತದೆ, ಬರುತ್ತದೆ. ಆದರೆ ಕಾಟಾದ ಮುಂದೆ ನಿಂತ ರೈತ ನೆಟ್ ಬರುವವರೆಗೆ ಕಾಯಲಾರ. ಮೇಜಿನ ಮೇಲಿನ ಯಂತ್ರದಲ್ಲೇ ನಡೆಯುವ, ತನ್ನ ಕಡತ ತಾನೇ ಕಾಪಾಡಿಕೊಳ್ಳುವ, ಕನ್ನಡದಲ್ಲಿ ಚೀಟಿ ಕೊಡುವ ತಂತ್ರಾಂಶಕ್ಕೆ ಅಲ್ಲಿ ಇಂದಿಗೂ ಬೆಲೆ ಇದೆ. ತಕ್‌ಪಟ್ಟಿ ಕನ್ನಡದಲ್ಲಿದ್ದರೆ ರೈತ ಅದನ್ನು ತಾನೇ ಓದಿಕೊಳ್ಳುತ್ತಾನೆ. ಹಮಾಲಿ ಎಷ್ಟು ಹಿಡಿದರು, ಕಡಿತ ಎಷ್ಟು ಹೋಯಿತು ಎಂದು ಬೇರೆಯವರನ್ನು ಕೇಳಬೇಕಾಗಿಲ್ಲ. ನಾವು ಕಲಿಯುವ ಕ್ಲಾಸು, ಆಬ್ಜೆಕ್ಟುಗಳ ಕೊನೆಯ ಫಲ ಆ ಓದು.

ವಿದ್ಯಾರ್ಥಿ ಮಿತ್ರರೇ, ಮುಗಿಸುವ ಮುನ್ನ ಮತ್ತೆ ದತ್ತಿಯ ಮಾತಿಗೆ ಮರಳುತ್ತೇನೆ. ದತ್ತಿಯ ಮೊತ್ತ ಒಬ್ಬರದೇ ಆಗಿ ಉಳಿಯಬೇಕಿಲ್ಲ, ಆಮೇಲೆ ಬಂದವರೂ ಅದಕ್ಕೆ ಸೇರಿಸಬಹುದು. ಸ್ಟ್ಯಾಂಡರ್ಡ್ ಲೈಬ್ರರಿಯೂ ಹಾಗೆಯೇ. ಜಾವಾದ ಮೂಲ ಸಂಕೇತ ತೆರೆದಿದೆ, ಐಸಿಯು ತೆರೆದಿದೆ, ಭಾಷೆಗಳ ದಿನಾಂಕ, ಅಂಕಿ, ಹೆಸರುಗಳ ಮಾಹಿತಿ ಕೂಡಿಡುವ ಯೂನಿಕೋಡ್ ಭಂಡಾರಕ್ಕೆ ಕನ್ನಡಿಗರು ತಮ್ಮ ತಿದ್ದುಪಡಿ ಸಲ್ಲಿಸಬಹುದು. ಇಂದು ನಾನು ಹೇಳಿದ ಅಕ್ಷರ ಜೋಡಿಸುವ ಕ್ಲಾಸನ್ನು ಈ ಸೆಮಿಸ್ಟರಿನಲ್ಲೇ ಬರೆಯಿರಿ. ಮಾನ್ವಿ, ದೇವದುರ್ಗ, ರಾಯಚೂರು ಈ ಮೂರು ಹೆಸರುಗಳಿಂದ ಪರೀಕ್ಷೆ ಮಾಡಿ, 2, 4, 4 ಎಂಬ ಉತ್ತರ ಬಂದ ಮೇಲೆ ಅದನ್ನು ಮುಕ್ತವಾಗಿ ಎಲ್ಲರಿಗೂ ಕೊಡಿ. ಅದರಲ್ಲಿ ನಿಮ್ಮ ಹೆಸರು ಚಿಕ್ಕದಾಗಿ ಇರುತ್ತದೆ. ನಿಮ್ಮ ಮುಂದಿನವರು ಅದರ ಮೇಲೆ ತಮ್ಮ ಹೆಸರು ಸೇರಿಸುತ್ತಾರೆ.